ಮಾಳಿಗೆಯ ಮೇಲೆ ಕೊಯ್ದ ರಾಡಿಗೆ ಜಂಗು ಹತ್ತದ ಹಾಗೆ: ವಿಜಯಪುರದ ಒಂದು ಮನೆಯ ಕೆಲಸ

ವಿಜಯಪುರದಲ್ಲಿ ಸೋಲಾಪುರ ರಸ್ತೆ ಕಡೆಯ ಬಡಾವಣೆಯೊಂದರ ಮನೆ. ನೆಲಮಹಡಿ ಮಾತ್ರ, ಐದು ಇಂಚಿನ ಸ್ಲ್ಯಾಬು. ಮುಂದೆ ಮೇಲೊಂದು ಮಹಡಿ ಎಬ್ಬಿಸುವ ಲೆಕ್ಕದಲ್ಲಿ ಆರು ಕಾಲಂಗಳ ರಾಡುಗಳನ್ನು ಮಾಳಿಗೆಯ ಮೇಲೆ ಎರಡೂವರೆ ಫೂಟು ಹೊರಗೆ ಬಿಟ್ಟಿದ್ದಾರೆ. ಒಂದೊಂದು ಕಾಲಂಗೆ 12 ಎಂ.ಎಂ.ನ ನಾಲ್ಕು, ಒಟ್ಟು 24 ರಾಡು. ಈಗ ಮಹಡಿಯ ವಿಚಾರ ಕೈಬಿಟ್ಟು ಅದೇ ಜಾಗಕ್ಕೆ ಸೋಲಾರ್ ಪ್ಯಾನೆಲ್ ಬರುತ್ತಿದೆ. ಅದರ ಜೊತೆಗೆ ಮಳೆನೀರು ಇಳಿಸುವ ಪೈಪಿಗೆ ಸ್ಲ್ಯಾಬಿನಲ್ಲೊಂದು ತೂತು ಕೊರೆಯಬೇಕು. ಎರಡೂ ಕಡೆ ಕೊಯ್ದ ಕಬ್ಬಿಣದ ತುದಿ ಉಳಿಯುತ್ತದೆ. ಆ ತುದಿಗಳನ್ನು ಮುಚ್ಚಿದ ಬಗೆ, ಅಳತೆ, ಪ್ರಮಾಣ ಎಲ್ಲ ಇಲ್ಲಿವೆ.

ರೂಢಿಯಲ್ಲಿ ಆಗುವುದೇನೆಂದರೆ, ಗ್ರೈಂಡರ್ ಹಿಡಿದು ಸ್ಲ್ಯಾಬಿನ ಮಟ್ಟಕ್ಕೆ ರಾಡು ಕೊಯ್ಯುತ್ತಾರೆ, ತುದಿಗೆ ರೆಡ್ ಆಕ್ಸೈಡ್ ಬಳಿಯುತ್ತಾರೆ, ಮೇಲೆ ಒಂದು ಕರಣಿ ಸಿಮೆಂಟ್ ಮೆತ್ತಿ ಇಳಿದು ಹೋಗುತ್ತಾರೆ. ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಆ ಮೆತ್ತಿದ ಸಿಮೆಂಟ್ ಬಿಲ್ಲೆಯಾಗಿ ಎದ್ದು ಬರುತ್ತದೆ, ಸುತ್ತ ಕಂದು ಕಲೆ ಹರಡುತ್ತದೆ. ಕಬ್ಬಿಣ ಜಂಗಾದಾಗ ಅದರ ಗಾತ್ರ ಮೂಲ ಲೋಹದ ಎರಡರಿಂದ ಆರು ಪಟ್ಟು ಆಗುತ್ತದೆ. 12 ಎಂ.ಎಂ. ರಾಡಿನ ತುದಿ ಅಷ್ಟು ಊದಿಕೊಂಡರೆ ಮೇಲಿನ ತೆಳು ಗಿಲಾವು ಏನು ಮಾಡಿದರೂ ನಿಲ್ಲದು. ಅಷ್ಟಕ್ಕೇ ಮುಗಿದರೆ ಚಿಂತೆಯಿಲ್ಲ. ಆದರೆ ರಾಡಿನ ಅಂಚು ಬಿಟ್ಟುಕೊಂಡ ಸಂದಿಯಲ್ಲಿ ನೀರು ದೀಪದ ಬತ್ತಿ ಎಣ್ಣೆ ಎಳೆದಂತೆ ಕೆಳಗೆ ಇಳಿಯುತ್ತದೆ, ಕಾಲಂ ಮತ್ತು ಬೀಮ್ ಕೂಡುವ ಜಾಗದಲ್ಲಿ ರಾಡುಗಳನ್ನು ಸುತ್ತಿ ಕಟ್ಟಿದ ರಿಂಗುಗಳಿಗೆ ಜಂಗು ಹತ್ತಿಸುತ್ತದೆ. ಅಲ್ಲಿ ರಿಪೇರಿ ಮಾಡುವುದು ಬಹಳ ಕಷ್ಟ.

ಕಾಂಕ್ರೀಟಿನೊಳಗಿನ ಕಬ್ಬಿಣಕ್ಕೆ ಬಣ್ಣ ಇಲ್ಲದಿದ್ದರೂ ಜಂಗು ಹತ್ತುವುದಿಲ್ಲ. ಸಿಮೆಂಟಿನ ಕ್ಷಾರ ಅದನ್ನು ಕಾಯುತ್ತದೆ. ಒಳ್ಳೆಯ ಕಾಂಕ್ರೀಟಿನ ರಂಧ್ರಗಳೊಳಗಿನ ನೀರಿನ ಪಿಎಚ್ 12.5ರಿಂದ 13ರಷ್ಟು ಇರುತ್ತದೆ. ಆ ಕ್ಷಾರದಲ್ಲಿ ಕಬ್ಬಿಣದ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಆಕ್ಸೈಡ್ ಪೊರೆ ಕಟ್ಟುತ್ತದೆ, ಜಂಗು ಮುಂದುವರಿಯದು. ಗಾಳಿಯ ಇಂಗಾಲದ ಡೈಆಕ್ಸೈಡ್ ವರ್ಷವರ್ಷ ಒಳಗೆ ಇಳಿದು ಪಿಎಚ್ ಅನ್ನು 9ಕ್ಕಿಂತ ಕೆಳಗೆ ತಂದಾಗ, ಇಲ್ಲವೇ ಉಪ್ಪಿನ ಕ್ಲೋರೈಡ್ ಸೇರಿದಾಗ, ಆ ಪೊರೆ ಹರಿಯುತ್ತದೆ. ಹಾಗಾಗಿ ಕೊಯ್ದ ರಾಡಿಗೆ ನಿಜವಾದ ರಕ್ಷಣೆ ಆಳ. ತುದಿಯನ್ನು ಕಾಂಕ್ರೀಟಿನೊಳಗೆ ಇಳಿಸಿ, ಅದರ ಸುತ್ತ ಮತ್ತೆ ಗಟ್ಟಿ ಸಿಮೆಂಟ್ ಗಾರೆ ತುಂಬಬೇಕು. ಬಣ್ಣ, ಲೇಪ ಎಲ್ಲ ಆಮೇಲಿನ ಮಾತು. ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ ಐಎಸ್ 456:2000 ಸಾಧಾರಣ ವಾತಾವರಣಕ್ಕೆ 20 ಎಂ.ಎಂ., ಮಳೆಬಿಸಿಲಿಗೆ ಸ್ವಲ್ಪ ಹೆಚ್ಚು ಒಡ್ಡಿಕೊಂಡ ಜಾಗಕ್ಕೆ 30 ಎಂ.ಎಂ. ಕವರ್, ಅಂದರೆ ರಾಡಿನ ಮೇಲಿನ ಕಾಂಕ್ರೀಟಿನ ದಪ್ಪ, ಕೇಳುತ್ತದೆ. ಮಾಳಿಗೆ ತೆರೆದ ಜಾಗ, ಆದ್ದರಿಂದ ಇಲ್ಲಿ 30 ಎಂ.ಎಂ. ಹಿಡಿದೆವು.

ಕೊಯ್ಯುವ ಮೊದಲು ಒಂದು ಮಾತು ಗಟ್ಟಿಮಾಡಿಕೊಳ್ಳಬೇಕು: ಮಹಡಿ ನಿಜವಾಗಿಯೂ ಬೇಡವೇ? ಕೊಯ್ದ ಮೇಲೆ ಅದೇ ಕಾಲಂ ಎಬ್ಬಿಸಬೇಕೆಂದರೆ ಸ್ಲ್ಯಾಬು ಕೊರೆದು ರಾಸಾಯನಿಕ ಅಂಟಿನಲ್ಲಿ ಹೊಸ ರಾಡು ಕೂರಿಸಬೇಕು, ಖರ್ಚು ಎಷ್ಟೋ ಪಟ್ಟು ಆಗುತ್ತದೆ. ಮನಸ್ಸು ಅರ್ಧಮರ್ಧ ಇದ್ದರೆ ರಾಡು ಹಾಗೇ ಇರಲಿ. ವೈರ್ ಬ್ರಷ್‌ನಿಂದ ಉಜ್ಜಿ, ಲ್ಯಾಟೆಕ್ಸ್ (ಸಿಮೆಂಟಿಗೆ ಬೆರೆಸುವ ಹಾಲಿನಂಥ ಪಾಲಿಮರ್ ದ್ರವ) ಕಲಸಿದ ಸಿಮೆಂಟ್ ನೀರನ್ನು ಎರಡು ಸಲ ಬಳಿದು, ಸುತ್ತ ಇಟ್ಟಿಗೆಯ ಪೆಟ್ಟಿಗೆ ಕಟ್ಟಿ, ಒಳಗೆ 1:4:8ರ (ಸಿಮೆಂಟ್, ಉಸುಕು, ಜಲ್ಲಿ) ಬಡ ಕಾಂಕ್ರೀಟ್ ತುಂಬಿ, ಮೇಲ್ಭಾಗಕ್ಕೆ ಇಳಿಜಾರು ಕೊಟ್ಟರೆ ಸಾಕು. ಬೇಕಾದಾಗ ಒಡೆದರೆ ರಾಡು ಸಿಗುತ್ತದೆ. ಪ್ಲಾಸ್ಟಿಕ್ ಬಾಟಲಿ ಬೋರಲು ಹಾಕುವುದು, ಗ್ರೀಸ್ ಅಥವಾ ಡಾಂಬರು ಬಳಿಯುವುದು ಬೇಡ. ಬಾಟಲಿಯೊಳಗೆ ಬೆವರು ಕಟ್ಟುತ್ತದೆ; ಗ್ರೀಸ್ ಮುಂದೆ ಕಾಂಕ್ರೀಟು ಹಿಡಿಯಲು ಬಿಡುವುದಿಲ್ಲ, ಪೂರ್ತಿ ತೆಗೆಯುವುದೂ ಆಗದು.

ಈ ಮನೆಯಲ್ಲಿ ನಿರ್ಧಾರ ಖಚಿತವಿತ್ತು. ಮೊದಲು ಕಾಂಕ್ರೀಟಿನ ಸ್ಥಿತಿ ನೋಡಬೇಕು. ಒಂದು ಗ್ರಾಂ ಫಿನಾಲ್ಫ್ತಲೀನ್ ಪುಡಿಯನ್ನು 70 ಮಿಲಿ ಸ್ಪಿರಿಟ್ಟಿನಲ್ಲಿ ಕರಗಿಸಿ 30 ಮಿಲಿ ಶುದ್ಧ ನೀರು ಸೇರಿಸಿದರೆ ಪರೀಕ್ಷೆಯ ದ್ರಾವಣ ಸಿದ್ಧ. ಶಾಲಾ ಪ್ರಯೋಗಾಲಯಕ್ಕೆ ಸಾಮಾನು ಕೊಡುವ ಅಂಗಡಿಯಲ್ಲಿ ಪುಡಿ ಸಿಗುತ್ತದೆ. ಉಳಿಯಿಂದ ರಾಡಿನ ಪಕ್ಕದ ಕಾಂಕ್ರೀಟನ್ನು ಒಡೆದು, ದೂಳು ಊದಿ, ಆಗಿಂದಾಗಲೇ ಚಿಮುಕಿಸಬೇಕು. ಕ್ಷಾರ ಉಳಿದ ಕಡೆ ಕಡು ಗುಲಾಬಿ ಬಣ್ಣ ಬರುತ್ತದೆ. ಕಾರ್ಬೊನೇಷನ್ ಆದ ಕಡೆ, ಅಂದರೆ ಇಂಗಾಲದ ಡೈಆಕ್ಸೈಡ್ ಕ್ಷಾರ ಕಳೆದ ಕಡೆ, ಬಣ್ಣ ಬರುವುದಿಲ್ಲ. ಗ್ರೈಂಡರಿನಿಂದ ನೀರು ಹಾಕಿ ಕೊಯ್ದ ಮುಖದ ಮೇಲೆ ಈ ಪರೀಕ್ಷೆ ಮಾಡಬಾರದು, ಒಳಗಿನ ಕ್ಷಾರದ ಕೆಸರು ಮೇಲೆಲ್ಲ ಹರಡಿ ಎಲ್ಲವೂ ಗುಲಾಬಿಯಾಗಿ ಮೋಸವಾಗುತ್ತದೆ. ಇಲ್ಲಿ ಮೇಲಿನ 8ರಿಂದ 10 ಎಂ.ಎಂ. ಬಣ್ಣ ಹಿಡಿಯಲಿಲ್ಲ, ಅದರ ಕೆಳಗೆ ಪೂರ್ತಿ ಗುಲಾಬಿ. ಅಂದರೆ 30 ಎಂ.ಎಂ. ಆಳದಲ್ಲಿ ರಾಡು ಇನ್ನೂ ಆರೋಗ್ಯದ ಕಾಂಕ್ರೀಟಿನಲ್ಲಿದೆ. ಬಣ್ಣ ಬಾರದ ಪದರ ರಾಡಿನ ಹೊಸ ತುದಿಯನ್ನೂ ದಾಟಿ ಇಳಿದಿದ್ದರೆ ಗುಲಾಬಿ ಸಿಗುವವರೆಗೆ ಇನ್ನೂ ಒಡೆಯಬೇಕಾಗುತ್ತದೆ.

ಈಗ ಗುಂಡಿ. ಪ್ರತಿ ರಾಡಿನ ಸುತ್ತ 60 ಎಂ.ಎಂ. ಚೌಕ, 50 ಎಂ.ಎಂ. ಆಳ. ಮೊದಲು ಗ್ರೈಂಡರಿಗೆ ಕಾಂಕ್ರೀಟ್ ಕೊಯ್ಯುವ ಡೈಮಂಡ್ ಬ್ಲೇಡ್ ಹಾಕಿ ಚೌಕದ ಅಂಚನ್ನು 10 ಎಂ.ಎಂ. ಆಳ ಗೆರೆ ಹೊಡೆಯಬೇಕು. ಗೆರೆ ಇಲ್ಲದೆ ಉಳಿ ಹಾಕಿದರೆ ಅಂಚು ತಟ್ಟೆಯ ಹಾಗೆ ಸವೆದುಕೊಂಡು ಹೋಗುತ್ತದೆ; ಅಂಥ ತೆಳು ಅಂಚಿನ ಮೇಲೆ ಕೂತ ಗಾರೆ ಮೊದಲು ಏಳುವುದು ಅಲ್ಲಿಂದಲೇ. ಒಡೆಯಲು ಎರಡು ಮೂರು ಕೆ.ಜಿ. ತೂಕದ ಸಣ್ಣ ರೋಟರಿ ಹ್ಯಾಮರ್ ಮತ್ತು ಕೈ ಉಳಿ ಸಾಕು. ದೊಡ್ಡ ಬ್ರೇಕರ್ ತಂದರೆ ಕೆಲಸ ಬೇಗ ಆಗುತ್ತದೆ, ಆದರೆ ಗುಂಡಿಯ ತಳದಲ್ಲಿ ಕೂದಲೆಳೆಯ ಬಿರುಕು ಬಿಡುತ್ತದೆ, ಹೊಸ ಗಾರೆ ಬಿರುಕಿನ ಮೇಲೆ ಕೂರುತ್ತದೆ. ಮಾಳಿಗೆಯ ಮೇಲೆ ಇಟ್ಟಿಗೆ ಚೂರಿನ ಪದರ (ಕೋಬಾ) ಇದ್ದರೆ ಆಳವನ್ನು ಕೋಬಾದ ಮೇಲಿಂದ ಅಳೆಯಬೇಡಿ, ಮೂಲ ಸ್ಲ್ಯಾಬಿನ ಮೇಲಿಂದ ಅಳೆಯಿರಿ. ಕಾಲಂ ನೆತ್ತಿಯ ಮೇಲೆ ಬೀಮಿನ ಮೇಲ್ಸಾಲಿನ ರಾಡುಗಳೂ ಹಾದು ಹೋಗಿರುತ್ತವೆ, 30-40 ಎಂ.ಎಂ. ಆಳದಲ್ಲೇ ಕಾಣಬಹುದು. ಅವು ಅಡ್ಡ ಬಂದರೆ ಗುಂಡಿಯನ್ನು ಆ ಬದಿಗೆ ಕಿರಿದು ಮಾಡಿ, ಅವನ್ನು ಮುಟ್ಟಬೇಡಿ.

ಗುಂಡಿಯೊಳಗೆ ರಾಡು ಕೊಯ್ಯುವುದೇ ಈ ಕೆಲಸದ ಕಷ್ಟದ ಭಾಗ. ನಾಲ್ಕು ಇಂಚಿನ ಗ್ರೈಂಡರಿನ ತಲೆ 60 ಎಂ.ಎಂ. ಗುಂಡಿಯೊಳಗೆ ಹೋಗುವುದಿಲ್ಲ. ಅದಕ್ಕೆ ಗುಂಡಿಯ ಒಂದು ಬದಿಗೆ, ಕಾಲಮ್ಮಿನ ಅಂಚಿನ ಕಡೆಗಲ್ಲ, ಒಳಮುಖವಾಗಿ, 50 ಎಂ.ಎಂ. ಉದ್ದದ ಇಳಿಜಾರು ತೆಗೆಯಬೇಕು. ಆ ಇಳಿಜಾರಿನ ಗುಂಟ ಡಿಸ್ಕ್ ಓರೆಯಾಗಿ ಇಳಿದು ರಾಡನ್ನು ಮುಟ್ಟುತ್ತದೆ. ಕೊಯ್ತವೂ ಓರೆಯಾಗಿಯೇ ಬರುತ್ತದೆ: 12 ಎಂ.ಎಂ. ರಾಡಿನಲ್ಲಿ ಒಂದು ಅಂಚು ಇನ್ನೊಂದಕ್ಕಿಂತ ಸುಮಾರು 10 ಎಂ.ಎಂ. ಮೇಲಿರುತ್ತದೆ. ಮೇಲಿನ ಅಂಚೇ 30 ಎಂ.ಎಂ. ಆಳದಲ್ಲಿರಬೇಕು, ಆಗ ಕೆಳ ಅಂಚು 40ಕ್ಕೆ ಹೋಗುತ್ತದೆ, ಅದರ ಕೆಳಗೆ ಇನ್ನೊಂದು 10 ಎಂ.ಎಂ. ರಾಡು ಬರಿದಾಗಿ ನಿಂತಿರುತ್ತದೆ. ಲೇಪಕ್ಕೆ, ಗಾರೆ ಸುತ್ತಿ ಹಿಡಿಯಲಿಕ್ಕೆ ಈ 10 ಎಂ.ಎಂ. ಬೇಕೇ ಬೇಕು. ಒಂದೇ ಸಲಕ್ಕೆ ಗುಂಡಿಯಲ್ಲಿ ಕೊಯ್ಯಲು ಹೋಗಬಾರದು. ಮೊದಲು ಸ್ಲ್ಯಾಬಿನಿಂದ ಅರ್ಧ ಫೂಟು ಮೇಲೆ ಕೊಯ್ದು ಭಾರ ಇಳಿಸಬೇಕು. ಉದ್ದ ರಾಡು ಬಿಟ್ಟುಕೊಂಡೇ ಕೆಳಗೆ ಕೊಯ್ದರೆ ಕೊನೆಯ ಗಳಿಗೆಯಲ್ಲಿ ರಾಡು ವಾಲಿ ಡಿಸ್ಕನ್ನು ಕಚ್ಚುತ್ತದೆ, ಡಿಸ್ಕ್ ಒಡೆದು ಹಾರುತ್ತದೆ. ಗಾರ್ಡ್ ಬಿಚ್ಚಿದ ಗ್ರೈಂಡರಿನಿಂದ ಈ ಕೆಲಸ ಮಾಡುವವರನ್ನು ಮಾಳಿಗೆ ಹತ್ತಿಸಬಾರದು, ಕಣ್ಣಿಗೆ ಕನ್ನಡಕ ಇರಲೇಬೇಕು.

ಗ್ಯಾಸ್ ಕಟ್ಟರ್ ಏಕೆ ಬೇಡ ಎಂದು ಗೌಂಡಿಗಳು ಕೇಳುತ್ತಾರೆ. ಕೆಂಪಗೆ ಕಾದ ರಾಡು ಸುತ್ತಲಿನ ಕಾಂಕ್ರೀಟಿನ ತೇವವನ್ನು ಉಗಿ ಮಾಡಿ ಸಿಡಿಸುತ್ತದೆ, ರಾಡಿಗೂ ಕಾಂಕ್ರೀಟಿಗೂ ಇರುವ ಹಿಡಿತ ಬಿಡಿಸುತ್ತದೆ. ಆ ಸಂದಿಯೇ ಮುಂದೆ ನೀರಿನ ದಾರಿ. ತುದಿಯ ಮೇಲೆ ಕಟ್ಟಿದ ಕಿಟ್ಟ ಉಜ್ಜಿದರೂ ಹೋಗುವುದಿಲ್ಲ. ಕೊಯ್ದ ತುಂಡುಗಳು ಇಪ್ಪತ್ನಾಲ್ಕೂ ಸೇರಿ 16 ಕೆ.ಜಿ. ಆಸುಪಾಸು ತೂಗುತ್ತವೆ, ಗುಜರಿಗೆ ಹಾಕಿದರಾಯಿತು. ಗ್ರೈಂಡರಿನ ಕಿಡಿಯಿಂದ ಬಿದ್ದ ಕಬ್ಬಿಣದ ಪುಡಿಯನ್ನು ಅಂದೇ ಗುಡಿಸಿ, ಒಂದು ಅಯಸ್ಕಾಂತ ಆಡಿಸಿ ತೆಗೆಯಬೇಕು. ಬಿಟ್ಟರೆ ಮೊದಲ ಮಳೆಗೆ ಮಾಳಿಗೆ ತುಂಬ ಕಂದು ಚುಕ್ಕಿ ಎದ್ದು, ಗುಂಡಿಯೇ ಜಂಗಾಯಿತೇನೋ ಎಂಬ ಸುಳ್ಳು ಗಾಬರಿಯಾಗುತ್ತದೆ.

ತುದಿಯನ್ನು ಹೊಳೆಯುವ ಲೋಹ ಕಾಣುವವರೆಗೆ ಉಜ್ಜಬೇಕು. ಡ್ರಿಲ್ಲಿಗೆ ಸಿಗಿಸುವ ಸಣ್ಣ ವೈರ್ ಬ್ರಷ್ ಗುಂಡಿಯೊಳಗೆ ಹಿಡಿಯುತ್ತದೆ. ರಾಡಿನ ಅಡ್ಡಪಟ್ಟಿಗಳ ಬುಡದಲ್ಲಿ ಜಂಗು ಅಡಗಿರುತ್ತದೆ, ಅಲ್ಲಿ ಮೂರು ನಾಲ್ಕು ದಿಕ್ಕಿನಿಂದ ಬ್ರಷ್ ಆಡಿಸಬೇಕು. ಆಸಿಡ್ ಮುಟ್ಟಿಸಲೇಬಾರದು. ಬಚ್ಚಲು ತೊಳೆಯುವ ಆಸಿಡ್ಡು ಹೈಡ್ರೋಕ್ಲೋರಿಕ್ ಆಮ್ಲ. ಅದು ಜಂಗು ತಿನ್ನುವುದು ನಿಜ, ಆದರೆ ಹೋಗುವಾಗ ಕ್ಲೋರೈಡನ್ನು ಗುಂಡಿಯೊಳಗೆ ಬಿಟ್ಟು ಹೋಗುತ್ತದೆ, ಕಾಂಕ್ರೀಟಿನ ಕ್ಷಾರವನ್ನೂ ಕೊಲ್ಲುತ್ತದೆ. ತುಕ್ಕು ಕರಗಿಸುವ ಫಾಸ್ಫಾರಿಕ್ ಆಮ್ಲದ ದ್ರವಗಳು ಗೇಟು, ಗ್ರಿಲ್ಲಿಗೆ ಸರಿ, ಕಾಂಕ್ರೀಟಿನ ಗುಂಡಿಗೆ ಸಲ್ಲವು.

ಲೇಪಕ್ಕೆ ಎರಡು ದಾರಿ. ಒಂದು, ಸಿಮೆಂಟ್ ಆಧಾರದ ಲೇಪ: ಪಾಲಿಮರ್ ಮತ್ತು ಜಂಗು ತಡೆಯುವ ರಾಸಾಯನಿಕ ಬೆರೆತ ಪುಡಿ, ಇಲ್ಲವೇ ಸ್ಥಳದಲ್ಲೇ ಲ್ಯಾಟೆಕ್ಸಿನಲ್ಲಿ ಕಲಸಿದ ಸಿಮೆಂಟ್. ಇದು ಕಬ್ಬಿಣದ ಪಕ್ಕದಲ್ಲೇ ಕ್ಷಾರ ಇಡುತ್ತದೆ. ಎರಡು, ಜಿಂಕ್ ಹೆಚ್ಚಿರುವ ಎಪಾಕ್ಸಿ ಪ್ರೈಮರ್: ಒಣಗಿದ ಪೊರೆಯೊಳಗಿನ ಸತುವು ಕಬ್ಬಿಣದ ಬದಲು ತಾನು ಸವೆಯುತ್ತದೆ. ಸತುವು ಹೊಳೆಯುವ ಕಬ್ಬಿಣಕ್ಕೆ ನೇರ ತಾಗಿದಾಗ ಮಾತ್ರ ಕೆಲಸ ಮಾಡುತ್ತದೆ. ಜಂಗಿನ ಮೇಲೆ ಬಳಿದರೆ ಬೂದು ಬಣ್ಣವಷ್ಟೇ. ರೆಡ್ ಆಕ್ಸೈಡು, ಎನಾಮಲ್ಲುಗಳು ಎಣ್ಣೆಯ ಮೂಲದ ಬಣ್ಣಗಳು, ಹಸಿ ಸಿಮೆಂಟಿನ ಕ್ಷಾರ ತಾಗಿದರೆ ಸೋಪಾಗಿ ಮೆತ್ತಗಾಗುತ್ತವೆ. ಗಾರೆಗೂ ರಾಡಿಗೂ ನಡುವೆ ಜಾರುವ ಪದರವೊಂದನ್ನು ನಾವೇ ಇಟ್ಟಂತಾಗುತ್ತದೆ. 30 ಎಂ.ಎಂ. ಆಳ ಸಿಕ್ಕಿದ ಈ 24 ಗುಂಡಿಗಳಿಗೆ ಸಿಮೆಂಟ್ ಲೇಪವನ್ನೇ ಆರಿಸಿದೆವು. ಆಳ ಸಿಗದ ಕಡೆಗೆ ಜಿಂಕ್. ಅದರ ಪ್ರಸಂಗ ಪೈಪಿನ ತೂತಿನಲ್ಲಿ ಬರುತ್ತದೆ.

ಲೇಪ ಹೀಗೆ: ಎಸ್‌ಬಿಆರ್ (ಕೃತಕ ರಬ್ಬರಿನ ಒಂದು ಜಾತಿ) ಲ್ಯಾಟೆಕ್ಸ್ 300 ಮಿಲಿ, ನೀರು 300 ಮಿಲಿ, ಸಿಮೆಂಟ್ 900 ಗ್ರಾಂ. ಬ್ರಷ್ಷಿನಿಂದ ಬಳಿದರೆ ಇಳಿಯದೆ ನಿಲ್ಲುವ ಹದ. ಮೊದಲ ಕೈ ರಾಡಿಗೆ ಮಾತ್ರ, ಓರೆ ತುದಿಯ ಚೂಪು ಅಂಚು ಮರೆಯಾಗುವಂತೆ. ಅದು ಒಣಗಿದ ಮೇಲೆ ಎರಡನೇ ಕೈ ರಾಡಿಗೂ ಗುಂಡಿಯ ತಳ-ಗೋಡೆಗಳಿಗೂ. ಈ ಎರಡನೇ ಕೈ ಹಸಿ ಇರುವಾಗಲೇ ಗಾರೆ ತುಂಬಬೇಕು. ಒಣಗಿ ಹೋದರೆ ಅದೇ ಬೇರ್ಪಡಿಸುವ ಪೊರೆಯಾಗುತ್ತದೆ, ಕೆರೆದು ಮತ್ತೆ ಬಳಿಯಬೇಕು. ಆದ್ದರಿಂದ ಒಂದು ಸಲಕ್ಕೆ ನಾಲ್ಕು ಗುಂಡಿ, ಅಂದರೆ ಒಂದು ಕಾಲಂ, ಅಷ್ಟಕ್ಕೇ ಬಳಿದು ತುಂಬಿ ಮುಂದಕ್ಕೆ ಹೋಗುವುದು ಒಳ್ಳೆಯದು. ಲ್ಯಾಟೆಕ್ಸ್ ಕೊಳ್ಳುವಾಗ ಎಸ್‌ಬಿಆರ್ ಅಥವಾ ಅಕ್ರಿಲಿಕ್ ಎಂದು ಡಬ್ಬಿಯ ಮೇಲೆ ಓದಿಕೊಳ್ಳಿ. ಬಡಿಗರು ಬಳಸುವ ಬಿಳಿ ಅಂಟಿನ ಜಾತಿಯ ಪಿವಿಎ ನೀರು ತಾಗಿದರೆ ಮತ್ತೆ ಕರಗುತ್ತದೆ, ಮಾಳಿಗೆಗೆ ಅದು ಬರುವುದಿಲ್ಲ.

ಗಾರೆಯ ಲೆಕ್ಕ. ಇಳಿಜಾರು ಸೇರಿ ಒಂದು ಗುಂಡಿಗೆ ಸುಮಾರು ಕಾಲು ಲೀಟರ್, 24ಕ್ಕೆ 6 ಲೀಟರ್. ತೂಕದಲ್ಲಿ ಸಿಮೆಂಟ್ ಒಂದಕ್ಕೆ ಒಣ ಉಸುಕು ಎರಡೂವರೆ. ಒಂದು ಕಲಸಿಗೆ ಸಿಮೆಂಟ್ 1.2 ಕೆ.ಜಿ., ಉಸುಕು 3 ಕೆ.ಜಿ., ಲ್ಯಾಟೆಕ್ಸ್ 200 ಮಿಲಿ, ನೀರು 320 ಮಿಲಿ. ಇದು ಎರಡು ಲೀಟರ್ ಆಗುತ್ತದೆ, ಎಂಟು ಗುಂಡಿ ತುಂಬುತ್ತದೆ. ಮೂರು ಕಲಸಿಗೆ ಕೆಲಸ ಮುಗಿಯಿತು. ಲೇಪಕ್ಕೂ ಸೇರಿ ಒಂದು ಲೀಟರ್ ಲ್ಯಾಟೆಕ್ಸ್, 5 ಕೆ.ಜಿ. ಸಿಮೆಂಟ್, 10 ಕೆ.ಜಿ. ಉಸುಕು ತಂದರೆ ಸಾಕು. ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲಬೇಕು, ಕೈಗೆ ನೀರು ಬಿಡಬಾರದು. ಗೌಂಡಿ ಅಭ್ಯಾಸಬಲದಿಂದ ತಂಬಿಗೆಯಲ್ಲಿ ನೀರು ಸುರಿಯುತ್ತಾನೆ. ಅಳತೆಯ ಜಗ್ಗು ಕೈಗೆ ಕೊಡಿ. ನೀರು ಹೆಚ್ಚಾದರೆ ಗಾರೆ ಒಣಗುತ್ತ ಕುಗ್ಗಿ ಗುಂಡಿಯ ಅಂಚಿನಲ್ಲಿ ಕೂದಲೆಳೆ ಬಿಡುತ್ತದೆ, ಮಾಡಿದ್ದೆಲ್ಲ ವ್ಯರ್ಥ. 25 ಎಂ.ಎಂ.ನ ಎರಡು ಪದರದಲ್ಲಿ ತುಂಬಿ, ಕಟ್ಟಿಗೆಯ ತುದಿಯಿಂದ ಜಡಿದು, ವಿಶೇಷವಾಗಿ ರಾಡಿನ ಹಿಂಬದಿಗೆ ಗಾರೆ ಹೋಯಿತೋ ಎಂದು ನೋಡಿ, ಮೇಲೆ 3 ಎಂ.ಎಂ. ಉಬ್ಬು ಬಿಟ್ಟು ಮಟ್ಟಗೋಲು ಎಳೆಯದೆ ಕರಣಿಯಲ್ಲಿ ಒತ್ತಿ ನಯ ಮಾಡಬೇಕು.

ನೀರು, ಉಸುಕಿನ ವಿಚಾರಕ್ಕೆ ನಮ್ಮ ಕಡೆ ಹೆಚ್ಚು ಎಚ್ಚರ ಬೇಕು. ಆರ್‌ಸಿಸಿ ಕೆಲಸದ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 500 ಮಿಲಿಗ್ರಾಂ ಮೀರಬಾರದೆಂದು ಐಎಸ್ 456 ಹೇಳುತ್ತದೆ. ಪಿಎಚ್ 6ಕ್ಕಿಂತ ಕಡಿಮೆ ಇರಬಾರದು. ಸವಳು ಬಂದ ಬೋರಿನ ನೀರು ಈ ಮಿತಿ ದಾಟುವುದುಂಟು. ನಾಲಿಗೆಗೆ ಉಪ್ಪು ತಾಗಿದರೆ ಆ ನೀರನ್ನು ಕಲಸಲೂ ಬೇಡ, ಕ್ಯೂರಿಂಗಿಗೂ ಬೇಡ. ಕ್ಯೂರಿಂಗಿನಲ್ಲಿ ದಿನಾ ಸುರಿದ ಸವಳು ನೀರು ಆವಿಯಾಗುತ್ತ ಉಪ್ಪನ್ನು ಗುಂಡಿಯ ಮೇಲೇ ಬಿಡುತ್ತದೆ. ಇಷ್ಟು ಸಣ್ಣ ಕೆಲಸಕ್ಕೆ ನಳದ ಕುಡಿಯುವ ನೀರು ಎರಡು ಕೊಡ ಸಾಕು. ಡೋಣಿ ನದಿಯ ನೀರು ಸವಳೆಂಬುದು ಜಿಲ್ಲೆಗೆಲ್ಲ ಗೊತ್ತಿದೆ, ಆ ದಂಡೆಯ ಉಸುಕಾದರೆ ಸಿಹಿನೀರಿನಲ್ಲಿ ತೊಳೆದು ಒಣಗಿಸಿಯೇ ಬಳಸಬೇಕು. ಗಾರೆ ಬೇಗ ಗಟ್ಟಿಯಾಗಲಿ ಎಂದು ಕ್ಯಾಲ್ಸಿಯಂ ಕ್ಲೋರೈಡ್ ಇರುವ ದ್ರವ ಹಾಕುವುದು ಕೊಯ್ದ ರಾಡಿಗೆ ವಿಷ ಹಾಕಿದಂತೆಯೇ.

ಬೇಸಿಗೆಯಲ್ಲಿ ವಿಜಯಪುರದ ಮಾಳಿಗೆ ಬೆಳಗ್ಗೆ ಹತ್ತಕ್ಕೇ ಕಾದಿರುತ್ತದೆ. ಹಿಂದಿನ ಸಂಜೆ ಗುಂಡಿಗಳಿಗೆ ನೀರು ತುಂಬಿಸಿ, ಬೆಳಗ್ಗೆ ಸ್ಪಂಜಿನಿಂದ ನಿಂತ ನೀರು ಹೀರಿ ತೆಗೆದು, ತೇವ ಇದ್ದರೂ ನೀರು ಹೊಳೆಯದ ಸ್ಥಿತಿಯಲ್ಲಿ ಕೆಲಸ ಶುರು ಮಾಡಬೇಕು. ಹಾಗೆ ನೆನೆಸಿದ ಮೇಲೆ ಬರಿದಾದ ತುದಿಗೆ ರಾತ್ರಿಯಲ್ಲಿ ಕೇಸರಿ ಜಂಗು ಹೂವಾಡಿಸುತ್ತದೆ. ಅದಕ್ಕೇ ಮೊದಲ ಕೈ ಲೇಪವನ್ನು ನೆನೆಸುವ ಮೊದಲೇ, ಉಜ್ಜಿದ ಗಳಿಗೆಯಲ್ಲೇ ಹಾಕಿ ಒಣಗಲು ಬಿಟ್ಟೆವು. ಕಲಸಿದ ಗಾರೆಯನ್ನು ಇಪ್ಪತ್ತು ನಿಮಿಷದೊಳಗೆ ತುಂಬಬೇಕು, ಗಟ್ಟಿಯಾಗತೊಡಗಿದ್ದಕ್ಕೆ ನೀರು ಚಿಮುಕಿಸಿ ತಿರುಗಿ ಕಲಸಬಾರದು. ತುಂಬಿದ ಮೇಲೆ ಒದ್ದೆ ಗೋಣಿತಟ್ಟು, ಅದರ ಮೇಲೆ ಪ್ಲಾಸ್ಟಿಕ್ ಹಾಳೆ, ಅಂಚಿಗೆ ಕಲ್ಲು. ಎರಡು ದಿನ ಹೀಗೆ ತೇವದಲ್ಲಿಟ್ಟು ಆಮೇಲೆ ಗಾಳಿಗೆ ಬಿಡಬೇಕು, ಲ್ಯಾಟೆಕ್ಸಿನ ಪೊರೆ ಕೂಡಿಕೊಳ್ಳಲು ಒಣಗುವುದೂ ಬೇಕು.

ಪೈಪಿನ ತೂತಿಗೆ ಬರೋಣ. ಸ್ಲ್ಯಾಬಿನಲ್ಲಿ 8 ಎಂ.ಎಂ. ರಾಡುಗಳು ಆರಾರು ಇಂಚಿಗೊಂದು, ಎರಡೂ ದಿಕ್ಕಿಗೆ. ನಡುವಿನ ಬಯಲು ಜಾಗ 142 ಎಂ.ಎಂ. ನಾಲ್ಕಿಂಚಿನ ಕೋರ್ (ಯಂತ್ರದಿಂದ ದುಂಡಗೆ ಕೊರೆದ ತೂತು) ಅದರ ಮಧ್ಯಕ್ಕೆ ಬಿದ್ದರೆ ಒಂದು ರಾಡೂ ಕೊಯ್ಯದೆ ತೂತು ಆಗುತ್ತದೆ, ಅದಕ್ಕಿಂತ ಒಳ್ಳೆಯ ರಕ್ಷಣೆ ಬೇರಿಲ್ಲ. ಕೆಳಗಿನ ಗಿಲಾವನ್ನು ಸ್ವಲ್ಪ ಕೆತ್ತಿ ರಾಡಿನ ಸಾಲು ಗುರುತಿಸಿಕೊಂಡರೆ ಎರಡು ಇಂಚು ಸರಿಸುವುದರಲ್ಲಿ ಉಳಿತಾಯವಾಗುತ್ತದೆ. ಇಲ್ಲಿ ಪೈಪು ಗೋಡೆಯ ಮೂಲೆಗೇ ಇಳಿಯಬೇಕಾಗಿದ್ದರಿಂದ ಸರಿಸಲು ಎಡೆಯಿರಲಿಲ್ಲ. ಎಂಜಿನಿಯರ್ ಒಪ್ಪಿಗೆ ಪಡೆದು ಹಂಚಿಕೆಯ (ಮುಖ್ಯ ರಾಡುಗಳಿಗೆ ಅಡ್ಡವಾಗಿ ಹಾಕಿದ) ಒಂದು ರಾಡು ಕೊಯ್ಯಬೇಕಾಯಿತು. ಸಜ್ಜಾ, ಬಾಲ್ಕನಿಯಂಥ ಚಾಚು ಸ್ಲ್ಯಾಬಿನಲ್ಲಿ ಮುಖ್ಯ ರಾಡು ಮೇಲ್ಭಾಗದಲ್ಲಿರುತ್ತದೆ, ಅಲ್ಲಿ ಒಂದನ್ನೂ ಕೊಯ್ಯಬಾರದು. ಬೀಮಿಗೂ ಅದೇ ಮಾತು.

ಕೋರಿನ ಗೋಡೆಯಲ್ಲಿ ರಾಡಿನ ತುದಿ ರೂಪಾಯಿಗಿಂತ ಚಿಕ್ಕ ಹೊಳಪು ಚುಕ್ಕಿಯಾಗಿ ಸಮಮಟ್ಟದಲ್ಲಿರುತ್ತದೆ, ಒಳಕ್ಕೆ ಇಳಿಸಲು ಯಾವ ಹತಾರವೂ ಹೋಗದು. ಆದ್ದರಿಂದ ಕವರನ್ನು ತೂತಿನ ಕಡೆಯಿಂದ ಕೊಟ್ಟೆವು: 75 ಎಂ.ಎಂ. ಪೈಪಿಗೆ 127 ಎಂ.ಎಂ. ಕೋರ್, ಸುತ್ತ 26 ಎಂ.ಎಂ. ಗ್ರೌಟ್ (ಸುರಿದು ತುಂಬುವ ತೆಳು ಸಿಮೆಂಟ್ ಗಾರೆ). ಕೋರಿನ ಕೆಸರನ್ನು ಕೂಡಲೇ ತೊಳೆದು, ಒಣಗಿದ ಮೇಲೆ ಎರಡೂ ತುದಿಗಳನ್ನು ಉಜ್ಜಿ ಜಿಂಕ್ ಎಪಾಕ್ಸಿಯ ಚುಕ್ಕಿ ಇಟ್ಟೆವು. ಕಾಂಕ್ರೀಟಿಗೆ ಸವರಬಾರದು, ಅಲ್ಲಿ ಗ್ರೌಟಿನ ಹಿಡಿತ ಕಡಿಮೆಯಾಗುತ್ತದೆ. ಕಿವಿ ಸ್ವಚ್ಛ ಮಾಡುವ ಹತ್ತಿಯ ಕಡ್ಡಿ ಇದಕ್ಕೆ ಬ್ರಷ್ಷಿಗಿಂತ ಚೆನ್ನ. ಪಿವಿಸಿ ಪೈಪಿಗೆ ಸಿಮೆಂಟ್ ಹಿಡಿಯದು. ಸ್ಲ್ಯಾಬಿನೊಳಗೆ ಬರುವ ಭಾಗಕ್ಕೆ ಸಾಲ್ವೆಂಟ್ ಸಿಮೆಂಟ್ ಹಚ್ಚಿ ಒರಟು ಉಸುಕು ಉದುರಿಸಿ ಒಣಗಿಸಿದರೆ ಗ್ರೌಟು ಕಚ್ಚುತ್ತದೆ. ಕೆಳಗೆ ಹಲಗೆ ಬಿಗಿದು, ಕುಗ್ಗದ ಗ್ರೌಟ್ ಒಂದು ಲೀಟರಿನಷ್ಟು, ಅಂದರೆ ಪುಡಿ 2 ಕೆ.ಜಿ., ಒಂದೇ ಬದಿಯಿಂದ ಸುರಿದರೆ ಗಾಳಿ ಇನ್ನೊಂದು ಬದಿಯಿಂದ ಹೊರಬರುತ್ತದೆ. ಪಿಒಪಿ ತುಂಬಿ ಮುಗಿಸುವ ಅಭ್ಯಾಸ ಪ್ಲಂಬರ್‌, ಎಲೆಕ್ಟ್ರಿಷಿಯನ್ನರಲ್ಲಿ ಇದೆ. ಅದು ಜಿಪ್ಸಂ, ಕ್ಷಾರವಿಲ್ಲ, ತೇವ ಹಿಡಿದಿಡುತ್ತದೆ, ಕಬ್ಬಿಣ ಅದರೊಳಗೆ ಬರಿ ಗಾಳಿಗಿಂತ ಬೇಗ ಜಂಗಾಗುತ್ತದೆ.

ಸೋಲಾರ್ ಕೂರಿಸುವವರು ರಾಡು ಕೊಯ್ಯುವುದೇ ಬೇಡ, ಸ್ಟ್ಯಾಂಡಿನ ಕಾಲನ್ನು ಅದಕ್ಕೇ ವೆಲ್ಡ್ ಮಾಡಿಬಿಡುತ್ತೇವೆ ಎನ್ನುತ್ತಾರೆ. ಒಪ್ಪಬೇಡಿ. ವೆಲ್ಡಿಂಗಿನ ಬಿಸಿಗೆ ಸ್ಟ್ಯಾಂಡಿನ ಸತುವಿನ ಲೇಪ ಸುಟ್ಟು ಹೋಗುತ್ತದೆ, ಬೆಸುಗೆ ನೀರು ನಿಲ್ಲುವ ಮಟ್ಟದಲ್ಲೇ ಬರುತ್ತದೆ. ಸ್ಲ್ಯಾಬಿನ ಮೇಲೆ ಬೇರೆ ಕಾಂಕ್ರೀಟ್ ಪೀಠ ಹಾಕಿ ಬೋಲ್ಟಿನಲ್ಲಿ ನಿಲ್ಲಿಸಬೇಕು, ಪೀಠ ಈ ಗುಂಡಿಗಳ ಮೇಲೆ ಬೀಳದಿರಲಿ, ಮುಂದೆ ನೋಡಲು ಜಾಗ ಬೇಕು.

ಇದೇ ಕೆಲಸ ಬೆಳಗಾವಿಯಲ್ಲಾದರೆ ಜೂನ್ ಮೊದಲೇ ಮುಗಿಸಿ ಮೇಲೆ ವಾಟರ್‌ಪ್ರೂಫ್ ಲೇಪ ಕೊಡಬೇಕು, ಅಲ್ಲಿಯ ಮಳೆಗೆ ಕವರನ್ನು 40 ಎಂ.ಎಂ.ಗೆ ಒಯ್ಯುವುದು ಒಳಿತು. ಜಮಖಂಡಿ, ಅಥಣಿ ಸುತ್ತಿನ ಸವಳು-ಜವಳು ನೆಲದಲ್ಲಿ ಪಾಯದ ಹತ್ತಿರ ರಾಡು ಕೊಯ್ಯಬೇಕಾಗಿ ಬಂದರೆ ಇಷ್ಟರಿಂದ ಆಗದು. ಉಪ್ಪು ಹೊಕ್ಕ ಹಳೆ ಕಾಂಕ್ರೀಟಿನ ನಡುವೆ ಒಂದು ತೇಪೆ ಮಾತ್ರ ಶುದ್ಧವಾಗಿಟ್ಟರೆ, ತೇಪೆಯೊಳಗಿನ ರಾಡು ಉಳಿದು ಅದರ ಅಂಚಿನಾಚೆಯ ರಾಡು ಹೆಚ್ಚು ವೇಗವಾಗಿ ಜಂಗಾಗುತ್ತದೆ. ಅಲ್ಲಿ ಉಪ್ಪಾದ ಕಾಂಕ್ರೀಟನ್ನು ದೂರದವರೆಗೆ ತೆಗೆಯಬೇಕು, ಇಲ್ಲವೇ ರಾಡಿಗೆ ಕಟ್ಟುವ ಸತುವಿನ ಆನೋಡನ್ನು (ರಾಡಿನ ಬದಲು ತಾನು ಸವೆಯುವ ತುಂಡನ್ನು) ತೇಪೆಯ ಅಂಚಿನಲ್ಲಿ ಹೂಳಬೇಕು.

ಏಳನೇ ದಿನದ ನಂತರ ಸಣ್ಣ ಸುತ್ತಿಗೆಯಿಂದ ಪ್ರತಿ ಗುಂಡಿಯನ್ನು ತಟ್ಟಿ ನೋಡಿ. ಟಣ್ ಎಂದರೆ ಹಿಡಿದಿದೆ, ಡಬ್ ಎಂದರೆ ತಳ ಬಿಟ್ಟಿದೆ, ಒಡೆದು ಮತ್ತೆ ತುಂಬಬೇಕು. 24 ಗುಂಡಿಗೂ ಅಂಕಿ ಬರೆದು ಮಾಳಿಗೆಯ ಒಂದು ನಕ್ಷೆ ಹಾಳೆಯಲ್ಲಿ ಇಟ್ಟುಕೊಂಡರೆ, ಮಳೆಗಾಲ ಮುಗಿದ ಮೇಲೆ ಪ್ರತಿ ಅಕ್ಟೋಬರಿನಲ್ಲಿ ಕಂದು ಕಲೆ, ಅಂಚಿನ ಬಿರುಕು ಎಲ್ಲಿ ಬಂತೆಂದು ನೋಡಿ ಆ ಅಂಕಿಯ ಎದುರು ಬರೆದಿಡಬಹುದು.